ಸಾಹೇಬ್ರು ವಿಸಿಯಲ್ಲಿದ್ದಾರೆ, ಸದಸ್ಯರು ಎಲ್ಲಿದ್ದಾರೆ?

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಯಾವುದಾದರೂ ಗ್ರಾಮ ಪಂಚಾಯಿತಿಗೆ ಹೋಗಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಎಲ್ಲಿ ಅಂತ ಕೇಳಿ ನೋಡಿ. ಬಹಳ ಸಲ ಸಿಗುವ ಉತ್ತರ ಒಂದೇ. ‘ಸಾಹೇಬ್ರು ವಿಸಿಯಲ್ಲಿದ್ದಾರೆ.’ ವಿಸಿ ಅಂದರೆ ವಿಡಿಯೋ ಕಾನ್ಫರೆನ್ಸ್. ಜಿಲ್ಲಾ ಪಂಚಾಯಿತಿ ಸಿಇಒ ಕರೆದ ವಿಸಿ, ತಾಲ್ಲೂಕಿನ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಕರೆದ ವಿಸಿ, ಬೆಂಗಳೂರಿನಿಂದ ಇಲಾಖೆ ಕರೆದ ವಿಸಿ. ತೆರಿಗೆ ವಸೂಲಿ ಎಷ್ಟಾಯ್ತು, ಕುಡಿಯುವ ನೀರಿನ ಕಥೆ ಏನು, ಆಸ್ತಿ ದಾಖಲೆಯ ಇ-ಸ್ವತ್ತಿನಲ್ಲಿ ಎಷ್ಟು ಅರ್ಜಿ ಬಾಕಿ, ಉದ್ಯೋಗ ಖಾತ್ರಿಯಲ್ಲಿ ಯಾಕೆ ಹಿಂದೆ ಬಿದ್ರಿ. ವಿಡಿಯೋ ಕಾನ್ಫರೆನ್ಸ್ ಕೊರೊನಾಕ್ಕಿಂತ ಮೊದಲೂ ಇತ್ತು. ಕೊರೊನಾ ಬಂದ ಮೇಲೆ ಅದು ದಿನದ ಮಾತಾಯಿತು.

ಅದೇ ಆಫೀಸು, ಅದೇ ಕಂಪ್ಯೂಟರು, ಅದೇ ಇಂಟರ್ನೆಟ್ಟು. ಆದರೆ ಅದೇ ಪಂಚಾಯಿತಿಯ ಚುನಾಯಿತ ಸದಸ್ಯರ ಸಾಮಾನ್ಯ ಸಭೆ ಅಂತ ಬಂದರೆ ಎಲ್ಲರೂ ಖುದ್ದಾಗಿ ಬರಬೇಕು. ಇಲ್ಲದಿದ್ದರೆ ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಇಲ್ಲ, ಸಭೆ ಮುಂದಕ್ಕೆ.

ಅಂದರೆ ದೂರದಿಂದ ಸಭೆ ನಡೆಸುವುದು ನಮಗೆ ಬರುತ್ತದೆ. ಅದು ಮೇಲಿನಿಂದ ಕೆಳಗೆ ಆದೇಶ ಇಳಿಸಲಿಕ್ಕೆ ಮಾತ್ರ ಬಳಕೆಯಾಗುತ್ತಿದೆ, ಅಷ್ಟೇ. ಇದು ಹಳೆಯ ಚಾಳಿ ಕೂಡ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆ ಝೂಮ್ ಹುಟ್ಟುವ ಎಷ್ಟೋ ವರ್ಷ ಮೊದಲೇ ಉಪಗ್ರಹದ ಮೂಲಕ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುತ್ತಿತ್ತು. ತಾಲ್ಲೂಕು ಪಂಚಾಯಿತಿಯ ಸ್ಯಾಟ್‌ಕಾಂ ಕೋಣೆಯಲ್ಲಿ ಕೂತವರಿಗೆ ಮೈಸೂರು ಕಾಣುತ್ತಿತ್ತು, ಮೈಸೂರಿಗೆ ಇವರ ದನಿ ಮಾತ್ರ ಕೇಳುತ್ತಿತ್ತು. ಆ ಕಾಲಕ್ಕೆ ಅದು ನಿಜಕ್ಕೂ ದೊಡ್ಡ ಕೆಲಸ, ಗೇಲಿ ಮಾಡುತ್ತಿಲ್ಲ. ಆದರೆ ಕ್ಯಾಮೆರಾ ಯಾವ ಕಡೆ ತಿರುಗಿರುತ್ತೆ ಅನ್ನೋದು ಆಗಿನಿಂದ ಈಗಿನವರೆಗೆ ಬದಲಾಗಿಲ್ಲ.

ಅದನ್ನು ತಿರುಗಿಸಬೇಕಾದರೆ ಎರಡು ಬೇಕು. ಕಾನೂನಿನಲ್ಲಿ ಒಂದು ಸ್ಪಷ್ಟ ಮಾತು. ಆಮೇಲೆ, ಸಭೆ ನಡೆಸುವುದನ್ನೇ ತನ್ನ ಕೆಲಸ ಅಂತ ಮಾಡುವ ಒಬ್ಬ ನೌಕರ. ಮೊದಲನೆಯದರ ಬಗ್ಗೆ ವಕೀಲರಾದರೂ ಮಾತಾಡುತ್ತಾರೆ. ಎರಡನೆಯದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಕಾನೂನಿನ ವಿಷಯದಲ್ಲಿ ಇಂಗ್ಲೆಂಡಿನಲ್ಲಿ ಆದದ್ದನ್ನು ನೋಡಬೇಕು. ಅಲ್ಲಿನ ಕೌನ್ಸಿಲ್‌ಗಳು ನಡೆಯುವುದು 1972ರ ಸ್ಥಳೀಯ ಸರ್ಕಾರ ಕಾಯ್ದೆಯ ಮೇಲೆ. ಕೊರೊನಾ ಬಂದಾಗ 2020ರ ಏಪ್ರಿಲ್ 4ರಿಂದ ಹೊಸ ನಿಯಮ ತಂದು, ಸಭೆಗಳನ್ನು ಆನ್‌ಲೈನ್‌ನಲ್ಲಿ ನಡೆಸಬಹುದು ಅಂದರು. ಅದಕ್ಕೊಂದು ಗಡುವೂ ಇತ್ತು, 2021ರ ಮೇ 7ಕ್ಕೆ ಮೊದಲು ನಡೆಯುವ ಸಭೆಗಳಿಗೆ ಮಾತ್ರ. ಇದನ್ನು ಮುಂದುವರಿಸಲು ಕಾನೂನಿನಲ್ಲಿ ದಾರಿ ಇದೆಯೇ ಅಂತ ಕೇಳಿಕೊಂಡು ಹರ್ಟ್‌ಫರ್ಡ್‌ಶೈರ್ ಕೌಂಟಿ ಕೌನ್ಸಿಲ್ ಹೈಕೋರ್ಟಿಗೆ ಹೋಯಿತು. ಅದರ ಜೊತೆ ಯಾರಿದ್ದರು ಗೊತ್ತಾ? ಸಭೆಗಳ ಅಜೆಂಡಾ, ನಡವಳಿ ನೋಡಿಕೊಳ್ಳುವ ಅಧಿಕಾರಿಗಳದ್ದೇ ಸಂಘ. 2021ರ ಏಪ್ರಿಲ್ 28ರಂದು ಕೋರ್ಟು ಇಲ್ಲ ಅಂದಿತು. 1972ರ ಕಾಯ್ದೆ ಪ್ರಕಾರ ಸದಸ್ಯರು ಒಂದೇ ಜಾಗದಲ್ಲಿ ಖುದ್ದಾಗಿ ಸೇರಬೇಕು, ಬದಲಾಯಿಸುವುದಾದರೆ ಅದು ಸಂಸತ್ತಿನ ಕೆಲಸ. ಒಂದು ವರ್ಷಕ್ಕೂ ಜಾಸ್ತಿ ನಡೆದ ವ್ಯವಸ್ಥೆ ತೀರ್ಪು ಬಂದ ಎರಡು ವಾರದೊಳಗೆ ನಿಂತುಹೋಯಿತು. ಪಕ್ಕದ ವೇಲ್ಸ್ ಮಾತ್ರ ಅದೇ 2021ರಲ್ಲಿ ತನ್ನದೇ ಕಾಯ್ದೆ ಮಾಡಿ ಆನ್‌ಲೈನ್ ಹಾಜರಿಯನ್ನು ಕಾಯಂ ಮಾಡಿಕೊಂಡಿತು.

ನಮ್ಮ ಕಾಯ್ದೆಗಳು? ಪುರಸಭೆಗಳದ್ದು 1964, ಮಹಾನಗರ ಪಾಲಿಕೆಗಳದ್ದು 1976, ಪಂಚಾಯತ್ ರಾಜ್ 1993. ಮೂರೂ ಮೊಬೈಲ್ ಬರುವ ಮುಂಚಿನವು. ಎಲ್ಲರೂ ಒಂದೇ ಕೋಣೆಯಲ್ಲಿ ಕೂತಿರುತ್ತಾರೆ, ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಾರೆ, ಮತಕ್ಕೆ ಬಂದರೆ ಕೈ ಎತ್ತುತ್ತಾರೆ ಅನ್ನೋ ಲೆಕ್ಕದಲ್ಲೇ ಬರೆದವು. ಸತತವಾಗಿ ಸಭೆ ತಪ್ಪಿಸಿದರೆ ಸದಸ್ಯತ್ವಕ್ಕೇ ಕುತ್ತು. ಹಾಗಾದರೆ ಫೋನಿನಲ್ಲಿ ಸೇರಿದವರು ಹಾಜರೋ, ಗೈರೋ? ಕಂಪನಿಗಳ ವಿಷಯದಲ್ಲಿ ಈ ಗೊಂದಲ ಇಲ್ಲ. 2013ರ ಕಂಪನಿ ಕಾಯ್ದೆ ವಿಡಿಯೋದಲ್ಲಿ ಬಂದ ನಿರ್ದೇಶಕರನ್ನು ಕೋರಂಗೆ ಲೆಕ್ಕ ಹಿಡಿಯುತ್ತದೆ. ನಿರ್ದೇಶಕರು ದುಬೈಯಲ್ಲಿ ಕೂತರೂ ನಡೆಯುತ್ತೆ. ಲಿಂಗಸುಗೂರಿನ ಪಂಚಾಯಿತಿ ಸದಸ್ಯೆ ಹೆರಿಗೆಗೆ ತವರಿಗೆ ಹೋದರೆ ಆ ತಿಂಗಳ ಸಭೆಯಲ್ಲಿ ಅವರ ವಾರ್ಡಿನ ಪರ ಮಾತಾಡಲು ಯಾರೂ ಇರುವುದಿಲ್ಲ.

ಎಲ್ಲವನ್ನೂ ಆನ್‌ಲೈನ್ ಮಾಡಿ ಅಂತ ನಾನು ಹೇಳುತ್ತಿಲ್ಲ. ಅಧ್ಯಕ್ಷರ ಆಯ್ಕೆ, ಅವಿಶ್ವಾಸ ನಿರ್ಣಯ ಇವೆರಡು ಕೋಣೆಯ ಒಳಗೇ ಆಗಬೇಕು. ಅವಿಶ್ವಾಸ ಬಂದ ವಾರ ಸದಸ್ಯರು ಟೆಂಪೊ ಟ್ರಾವೆಲರ್ ಹತ್ತಿ ಎಲ್ಲಿಗೆ ಹೋಗುತ್ತಾರೆ ಅಂತ ಊರಿಗೆಲ್ಲ ಗೊತ್ತು. ಲಿಂಕ್ ಕೊಟ್ಟರೆ ರೆಸಾರ್ಟಿನಿಂದಲೇ ಮತ ಹಾಕಿಸಿ ಮುಗಿಸುತ್ತಾರೆ, ವಾಪಸ್ ಕರೆತರುವ ಡೀಸೆಲ್ ಖರ್ಚೂ ಉಳಿಯುತ್ತೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಕೊರೊನಾ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಕೌನ್ಸಿಲ್ ಸಭೆಗಳನ್ನು ಹೇಗೆ ನಡೆಸುವುದು ಅಂತ ತಲೆ ಕೆಡಿಸಿಕೊಂಡರು. ನಮ್ಮಲ್ಲಿ ಆ ಪ್ರಶ್ನೆ ಬಹುಪಾಲು ಏಳಲೇ ಇಲ್ಲ, ಯಾಕೆಂದರೆ ಸಭೆ ನಡೆಸಬೇಕಾದ ಸದಸ್ಯರೇ ಇರಲಿಲ್ಲ. 2020ರ ಮಧ್ಯದಲ್ಲಿ ಗ್ರಾಮ ಪಂಚಾಯಿತಿಗಳ ಅವಧಿ ಮುಗಿದು ಆಡಳಿತಾಧಿಕಾರಿಗಳು ಬಂದರು. ಚುನಾವಣೆ ನಡೆದದ್ದು ಆ ವರ್ಷ ಡಿಸೆಂಬರ್ 22 ಮತ್ತು 27ರಂದು. ಬಳ್ಳಾರಿ ಮಹಾನಗರ ಪಾಲಿಕೆಯ 39 ವಾರ್ಡುಗಳಿಗೆ 2021ರ ಏಪ್ರಿಲ್‌ನಲ್ಲಿ, ಎರಡನೇ ಅಲೆ ಜೋರಾಗಿದ್ದಾಗಲೇ ಮತದಾನ ಆಯಿತು. ಮೇಯರ್ ಆಯ್ಕೆ ಆಗಿದ್ದು 2022ರ ಮಾರ್ಚ್‌ನಲ್ಲಿ! ಗೆದ್ದವರು ಇಷ್ಟು ತಿಂಗಳು ಸದಸ್ಯರು ಅನ್ನಿಸಿಕೊಂಡು ಸುಮ್ನೆ ಕೂತಿದ್ದರು. ಇನ್ನು ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಇಲಾಖೆಗಳ ಪ್ರಗತಿ ನೋಡುವ ಕೆಡಿಪಿ ಸಭೆ ನಡೆಯುತ್ತೆ, ವಿಸಿ ನಡೆಯುತ್ತೆ, ಜಿಲ್ಲಾ ಪಂಚಾಯಿತಿಯ ಸಾಮಾನ್ಯ ಸಭೆ ಅನ್ನೋದನ್ನು ಜನ ಮರೆತೇಬಿಟ್ಟರು. ಸದಸ್ಯರಿಲ್ಲದೆ ಆಡಳಿತ ಸಲೀಸಾಗಿ ನಡೆಯುತ್ತೆ ಅಂತ ಒಂದು ಸಲ ರುಚಿ ಹತ್ತಿದರೆ, ಸದಸ್ಯರ ಸಭೆಯನ್ನು ಸುಲಭ ಮಾಡಲು ಯಾರು ಮುಂದೆ ಬರುತ್ತಾರೆ?

ಈಗ ನೌಕರರ ವಿಷಯಕ್ಕೆ ಬರೋಣ.

ಒಂದು ಪಂಚಾಯಿತಿ ಸಭೆ ಅಂದರೆ ಎರಡು ಗಂಟೆಯ ಕೆಲಸ ಅಂತ ಹೊರಗಿನವರು ತಿಳಿದಿರುತ್ತಾರೆ. ಅದರ ಹಿಂದೆ ಮುಂದೆ ಎಷ್ಟಿದೆ ನೋಡಿ. ಅಧ್ಯಕ್ಷರನ್ನು ಕೇಳಿ ದಿನ ಗೊತ್ತು ಮಾಡಬೇಕು. ವಿಷಯಗಳನ್ನು ಒಟ್ಟು ಮಾಡಿ ಅಜೆಂಡಾ ಬರೆಯಬೇಕು. ಅಟೆಂಡರ್ ಬೈಕಿನಲ್ಲಿ ನಾಲ್ಕೈದು ಹಳ್ಳಿ ಸುತ್ತಿ ಮನೆಮನೆಗೆ ನೋಟಿಸು ಮುಟ್ಟಿಸಿ ಸಹಿ ತರಬೇಕು, ಸದಸ್ಯರು ಹೊಲದಲ್ಲಿದ್ದರೆ ಹೊಲಕ್ಕೇ ಹೋಗಬೇಕು. ಹಿಂದಿನ ನಡವಳಿ ಓದಲು ಸಿದ್ಧ ಇರಬೇಕು, ಜಮಾ ಖರ್ಚು ಸಿದ್ಧ ಇರಬೇಕು. ಸಭೆಯಲ್ಲಿ ಮೂರು ಜನ ಒಟ್ಟಿಗೆ ಕೂಗುತ್ತಿರುವಾಗ ಯಾರು ಏನು ಅಂದರು, ಕೊನೆಗೆ ಏನು ಠರಾವಾಯಿತು ಅಂತ ಬರೆಯಬೇಕು. ಮುಗಿದ ಮೇಲೆ ಅದನ್ನು ಶುದ್ಧ ಪ್ರತಿ ಮಾಡಿ, ಸಹಿ ಹಾಕಿಸಿ, ತಂತ್ರಾಂಶಕ್ಕೆ ಏರಿಸಬೇಕು. ಇಂಗ್ಲೆಂಡಿನ ದೊಡ್ಡ ಕೌನ್ಸಿಲ್‌ಗಳಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ. ಸಭೆಗೆ ಪೂರ್ತಿ ಐದು ದಿನ ಮೊದಲೇ ಅಜೆಂಡಾ ಜನರ ಮುಂದೆ ಇರಬೇಕು ಅನ್ನೋ ನಿಯಮವೂ ಇದೆ. ನಮ್ಮಲ್ಲಿ ಮಹಾನಗರ ಪಾಲಿಕೆಗೆ ಒಬ್ಬ ಕೌನ್ಸಿಲ್ ಕಾರ್ಯದರ್ಶಿ ಇರುತ್ತಾರೆ. ಪುರಸಭೆಗೆ ಇಳಿದರೆ ಮುಖ್ಯಾಧಿಕಾರಿ ಮತ್ತು ಒಬ್ಬ ಗುಮಾಸ್ತ. ಗ್ರಾಮ ಪಂಚಾಯಿತಿಗೆ ಇಳಿದರೆ ಎಲ್ಲದಕ್ಕೂ ಪಿಡಿಒ, ಜೊತೆಗೆ ಅದೃಷ್ಟ ಇದ್ದರೆ ಒಬ್ಬ ಕಾರ್ಯದರ್ಶಿ ಮತ್ತು ಡಾಟಾ ಎಂಟ್ರಿ ಆಪರೇಟರ್.

ನಮ್ಮ ಕಡೆ ಆ ಪಿಡಿಒ ಕೂಡ ಪೂರ್ತಿ ಒಂದೇ ಪಂಚಾಯಿತಿಗೆ ಸಿಗುವುದು ಕಷ್ಟ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ಬಂದದ್ದು 2013ರಲ್ಲಿ, ಹುದ್ದೆಗಳಲ್ಲಿ ಮೀಸಲಾತಿಯೂ ಬಂತು. ಆದರೂ ‘ಹೆಚ್ಚುವರಿ ಪ್ರಭಾರ’ ಅನ್ನೋ ಮಾತು ನಮ್ಮ ಕಚೇರಿಗಳನ್ನು ಬಿಟ್ಟು ಹೋಗಿಲ್ಲ. ಸೋಮವಾರ ಈ ಊರು, ಮಂಗಳವಾರ ಆ ಊರು, ಎರಡರ ನಡುವೆ ಬಂದ ವಿಸಿಯನ್ನು ದಾರಿಯಲ್ಲಿ ಬೇವಿನ ಮರದ ಕೆಳಗೆ ಬೈಕ್ ನಿಲ್ಲಿಸಿ ಫೋನಿನಲ್ಲೇ ಮುಗಿಸುವುದು. ಬೇಸಿಗೆಯದ್ದು ಇನ್ನೊಂದು ಕಥೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ಮಾತ್ರ, ಬಿಸಿಲಿನ ಕಾರಣಕ್ಕೆ. ಬೆಂಗಳೂರಿನ ಗಡಿಯಾರಕ್ಕೆ ಆ ಬಿಸಿಲು ತಟ್ಟುವುದಿಲ್ಲವಲ್ಲ. ಮಧ್ಯಾಹ್ನ 3 ಗಂಟೆಗೆ ವಿಸಿ ಇಟ್ಟರೆ ನಮ್ಮ ವೇಳಾಪಟ್ಟಿಗೆ ಏನು ಬೆಲೆ?

ಇಂಥ ನೌಕರರ ಮೇಲೆ ‘ನಾಳೆಯಿಂದ ಸಭೆ ಆನ್‌ಲೈನ್’ ಅಂತ ಹೇರಿದರೆ ಏನಾಗುತ್ತೆ? ಲಿಂಕ್ ಕಳಿಸಬೇಕು. ಯಾರು ಒಳಗೆ ಬಂದರು, ಯಾರು ಹೊರಗೆ ಹೋದರು ಅಂತ ನೋಡಬೇಕು. ಮೈಕ್ ಮುಚ್ಚಬೇಕು, ತೆರೆಯಬೇಕು. ಕರೆಂಟ್ ಹೋಗಿ ನಾಲ್ಕು ಜನ ಕಟ್ ಆದರೆ ಆ ಹೊತ್ತಿಗೆ ಕೋರಂ ಇತ್ತೋ ಇಲ್ಲವೋ ಬರೆದಿಡಬೇಕು. ಮತಕ್ಕೆ ಬಂದರೆ ಹೆಸರು ಕೂಗಿ ಒಬ್ಬೊಬ್ಬರ ಉತ್ತರ ದಾಖಲಿಸಬೇಕು. ಇದೆಲ್ಲ ಮಾಡುತ್ತಲೇ ನಡವಳಿ ಬರೆಯಬೇಕು, ಅದೂ ಯಾರ ಅಕೌಂಟಿನಿಂದ? ಬಿಟ್ಟಿ ಝೂಮ್ ಆದರೆ 40 ನಿಮಿಷಕ್ಕೆ ಕಟ್. ನಮ್ಮ ಸಭೆಗಳಲ್ಲಿ ಅಷ್ಟು ಹೊತ್ತಿಗೆ ಹಿಂದಿನ ನಡವಳಿ ಮೇಲಿನ ಜಗಳವೇ ಮುಗಿದಿರುವುದಿಲ್ಲ. ಮೇಲಾಗಿ ಝೂಮ್ ಸುರಕ್ಷಿತವಲ್ಲ, ಸರ್ಕಾರಿ ಕೆಲಸಕ್ಕೆ ಅಧಿಕಾರಿಗಳು ಬಳಸಬೇಡಿ ಅಂತ ಕೇಂದ್ರ ಗೃಹ ಸಚಿವಾಲಯ 2020ರ ಏಪ್ರಿಲ್‌ನಲ್ಲೇ ಹೇಳಿತ್ತು. ಕೊನೆಗೆ ಎಲ್ಲ ನೌಕರರ ಸ್ವಂತ ಫೋನು, ಸ್ವಂತ ಡಾಟಾ ಪ್ಯಾಕಿನ ಮೇಲೆ ಬಂದು ನಿಲ್ಲುತ್ತೆ. ಇದು ಊಹೆಯ ಮಾತಲ್ಲ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರಕ್ಕೆ ಇಳಿದಾಗ ಅವರ ಮುಖ್ಯ ದೂರೇ ಇದು. ಹತ್ತಾರು ಆ್ಯಪ್ ತುಂಬಿಸು ಅಂತೀರಿ, ಕೂರಲು ಸರಿಯಾದ ಕಚೇರಿ, ಒಂದು ಲ್ಯಾಪ್‌ಟಾಪ್ ಕೊಡಿ ಅಂತ. ಅವರದು ಕಂದಾಯ ಇಲಾಖೆ, ಪಿಡಿಒಗಳದ್ದು ಬೇರೆ, ನೋವು ಒಂದೇ.

ಇದಕ್ಕಿಂತ ದೊಡ್ಡ ತೊಡಕು ಅಧಿಕಾರದ್ದು. ಇಂಗ್ಲೆಂಡಿನ ಹ್ಯಾಂಡ್‌ಫರ್ತ್ ಅನ್ನೋ ಪುಟ್ಟ, ನಮ್ಮ ಗ್ರಾಮ ಪಂಚಾಯಿತಿಯಂಥ ಪ್ಯಾರಿಷ್ ಕೌನ್ಸಿಲ್‌ನ 2020ರ ಡಿಸೆಂಬರ್ ಸಭೆಯ ವಿಡಿಯೋ 2021ರ ಫೆಬ್ರವರಿಯಲ್ಲಿ ಜಗತ್ತೆಲ್ಲ ಓಡಾಡಿತ್ತು. ಸಭೆಗೆ ಸಹಾಯ ಮಾಡಲು ಬಂದಿದ್ದ ಜಾಕಿ ವೀವರ್ ಅನ್ನೋ ಅಧಿಕಾರಿ, ಕೂಗಾಡುತ್ತಿದ್ದ ಅಧ್ಯಕ್ಷರನ್ನೇ ಒಂದು ಬಟನ್ ಒತ್ತಿ ಹೊರಗೆ ಹಾಕಿದರು. ಜನ ನಕ್ಕರು, ಅವರು ರಾತ್ರೋರಾತ್ರಿ ಪ್ರಸಿದ್ಧರಾದರು. ಹಾಗೆ ತೆಗೆಯುವ ಅಧಿಕಾರ ಅವರಿಗೆ ಇರಲಿಲ್ಲ, ಆದರೂ ಯಾಕೆ ತೆಗೆದರು ಅನ್ನೋದು ಅರ್ಥವಾಗುತ್ತೆ ಅಂತ ಆಮೇಲಿನ ತನಿಖಾ ವರದಿ ಹೇಳಿತು. ಈಗ ಅದೇ ಬಟನ್ ನಮ್ಮ ಪಿಡಿಒ ಕೈಗೆ ಕೊಡಿ. ಅಧ್ಯಕ್ಷರ ಮೈಕ್ ಮ್ಯೂಟ್ ಮಾಡಿದ ಪಿಡಿಒ ಮುಂದಿನ ತಿಂಗಳು ಯಾವ ತಾಲ್ಲೂಕಿನಲ್ಲಿರುತ್ತಾರೆ? ಹಾಗಾಗಿ ಬಟನ್ ಯಾರ ಕೈಯಲ್ಲಿರಬೇಕು, ಯಾರ ಮಾತಿನ ಮೇಲೆ ಒತ್ತಬೇಕು ಅನ್ನೋದನ್ನು ನಿಯಮದಲ್ಲೇ ಬರೆಯಬೇಕು. ನೌಕರರ ಧೈರ್ಯಕ್ಕೆ ಬಿಡುವ ವಿಷಯ ಅಲ್ಲ ಅದು.

ಅಧ್ಯಕ್ಷರು ಅಂದಾಗ ಇನ್ನೊಬ್ಬರೂ ನೆನಪಾಗುತ್ತಾರೆ. ಅಧ್ಯಕ್ಷೆಯ ಗಂಡ. ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ. ಸಭಾಂಗಣದಲ್ಲಾದರೆ ಗಂಡನನ್ನು ಹೊರಗೆ ಕೂರಿ ಅಂತ ಹೇಳುವ ಸಾಧ್ಯತೆ ಇದೆ, ಕೆಲವು ಕಡೆ ಹೇಳುತ್ತಾರೆ ಕೂಡ. ಮನೆಯಿಂದ ವಿಡಿಯೋದಲ್ಲಿ ಸೇರಿದಾಗ ಕ್ಯಾಮೆರಾದ ಪಕ್ಕ ಯಾರು ಕೂತು ಪಿಸುಗುಡುತ್ತಿದ್ದಾರೆ ಅಂತ ಯಾರಿಗೆ ಗೊತ್ತು? ಮನೆಯಿಂದ ಸಭೆ ಬೇಡ ಅನ್ನುವವರ ವಾದಗಳಲ್ಲಿ ನನಗೆ ಗಟ್ಟಿ ಅನ್ನಿಸುವುದು ಇದೊಂದೇ. ಇದಕ್ಕೆ ನನಗೆ ತೋಚುವ ದಾರಿ, ಮನೆಯ ಬದಲು ಇನ್ನೊಂದು ಸಾರ್ವಜನಿಕ ಜಾಗ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಕಂಪ್ಯೂಟರ್ ಬಂದಿರುವ ಕಡೆ ಬಾಣಂತಿ, ಅಂಗವಿಕಲರು, ಹುಷಾರಿಲ್ಲದವರು ತಮಗೆ ಹತ್ತಿರದ ಅರಿವು ಕೇಂದ್ರದಿಂದ ಸಭೆ ಸೇರಲಿ. ಗ್ರಂಥಪಾಲಕರು ‘ಇಂಥವರು ಖುದ್ದು ಬಂದಿದ್ದಾರೆ, ಒಬ್ಬರೇ ಇದ್ದಾರೆ’ ಅಂತ ಸಹಿ ಹಾಕಲಿ. ಆ ಸಹಿಗೆ ಗ್ರಂಥಪಾಲಕರಿಗೆ ಏನಾದರೂ ಕೊಡಬೇಕು ಅನ್ನೋದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಜನರ ವಿಷಯದಲ್ಲಿ ಮಾತ್ರ ಕಾನೂನಿಗೆ ಕಾಯುವ ಅಗತ್ಯವೇ ಇಲ್ಲ. ನೋಡಲು, ಕೇಳಲು ಯಾವ ತಿದ್ದುಪಡಿಯೂ ಬೇಡ. ದೇವದುರ್ಗ, ಲಿಂಗಸುಗೂರು, ಕುಷ್ಟಗಿ ಕಡೆಯಿಂದ ಸುಗ್ಗಿ ಮುಗಿದ ಮೇಲೆ ಎಷ್ಟು ಮನೆಗೆ ಬೀಗ ಬೀಳುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಕೂಲಿಗಾಗಿ ಗುಳೆ ಹೋದವರು ಬೆಂಗಳೂರಿನ ಯಾವುದೋ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿರುವಾಗ ಇಲ್ಲಿ ಗ್ರಾಮಸಭೆಯಲ್ಲಿ ಮನೆ ಹಂಚಿಕೆಯ ಪಟ್ಟಿ ಓದುತ್ತಾರೆ. ಗ್ರಾಮಸಭೆಗೆ ಮತದಾರರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಇದ್ದರೆ ಕೋರಂ. ಊರಲ್ಲಿ ಉಳಿದವರೇ ಸಾಕಾಗುತ್ತಾರೆ, ಹೋದವರ ಹೆಸರು ಬಿಟ್ಟುಹೋದರೆ ಕೇಳಲು ಯಾರೂ ಇಲ್ಲ. ಗ್ರಾಮಸಭೆಯನ್ನು ಫೋನಿನಲ್ಲಿ ನೇರ ತೋರಿಸಿದರೆ ಅವರು ಕನಿಷ್ಠ ಪಟ್ಟಿ ಓದಿದ್ದನ್ನಾದರೂ ಕೇಳಿಸಿಕೊಳ್ಳುತ್ತಾರೆ, ಅಣ್ಣನಿಗೋ ಪಕ್ಕದ ಮನೆಯವರಿಗೋ ಫೋನ್ ಹಚ್ಚಿ ‘ಎದ್ದು ನಿಂತು ಕೇಳು’ ಅನ್ನಬಹುದು. ರಾಜ್ಯ ಹೈಕೋರ್ಟಿನ ಕಲಾಪವೇ ಯೂಟ್ಯೂಬಿನಲ್ಲಿ ನೇರ ಬಂದಿದೆ. ನ್ಯಾಯಮೂರ್ತಿಗಳನ್ನು ತೋರಿಸಬಹುದು, ಪಂಚಾಯಿತಿ ಅಧ್ಯಕ್ಷರನ್ನು ತೋರಿಸಬಾರದಾ?

ನೀರಿನ ಸಭೆಗೂ ಇದೇ ಮಾತು. ತುಂಗಭದ್ರಾ ನೀರಾವರಿ ಸಲಹಾ ಸಮಿತಿ ಮುನಿರಾಬಾದಿನಲ್ಲಿ ಕೂರಲಿ, ಬೆಂಗಳೂರಿನಲ್ಲಿ ಕೂರಲಿ, ಎಡದಂಡೆ ಕಾಲುವೆಯ ಕೊನೆ ಭಾಗದ ಮಾನ್ವಿ, ಸಿರವಾರ ಕಡೆಯ ರೈತರಿಗೆ ಗೊತ್ತಾಗುವುದು ತೀರ್ಮಾನ ಮಾತ್ರ. ಅದು ಚುನಾಯಿತ ಕೌನ್ಸಿಲ್ ಅಲ್ಲ, ಒಪ್ಪುತ್ತೇನೆ. ಆದರೂ ಯಾರು ಏನು ವಾದ ಮಾಡಿದರು ಅಂತ ನೋಡುವ ಆಸೆ ಇರುತ್ತೆ ಅಲ್ವಾ.

ಈ ನಡುವೆ ಹೊಸದೊಂದು ಬಂದಿದೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 2025ರ ಆಗಸ್ಟ್‌ನಲ್ಲಿ ‘ಸಭಾಸಾರ್’ ಅನ್ನೋ ಸಾಧನ ಬಿಡುಗಡೆ ಮಾಡಿತು. ಗ್ರಾಮಸಭೆಯ ಆಡಿಯೋ ಅಥವಾ ವಿಡಿಯೋ ಕೊಟ್ಟರೆ ಕೃತಕ ಬುದ್ಧಿಮತ್ತೆ ನಡವಳಿಯ ಕರಡು ಬರೆದುಕೊಡುತ್ತೆ. ಐಡಿಯಾ ಚೆನ್ನಾಗಿದೆ. ಆದರೆ ನಮ್ಮ ಸಭೆಯನ್ನು ನೆನೆಸಿಕೊಳ್ಳಿ. ಒಬ್ಬರು ‘ನೀರ್ ಬಿಟ್ಟಿಲ್ರೀ, ಎಂಟ್ ದಿನ ಆತು’ ಅಂತಾರೆ, ಇನ್ನೊಬ್ಬರು ಅರ್ಧ ತೆಲುಗು ಸೇರಿಸುತ್ತಾರೆ, ರಾಯಚೂರು ಪಟ್ಟಣವಾದರೆ ನಡುವೆ ಉರ್ದು, ಹಿಂದಿನಿಂದ ಮೈಕ್‌ಸೆಟ್ಟಿನ ಕಿರ್ರ್ ಸದ್ದು. ಯಂತ್ರ ಬರೆದ ಕರಡನ್ನು ಯಾರೋ ಒಬ್ಬರು ಕೂತು ತಿದ್ದಲೇಬೇಕು. ಆ ಒಬ್ಬರು ಮತ್ತೆ ಪಿಡಿಒ. ನೌಕರರ ಹೊರೆ ಇಳಿಸಲು ಬಂದ ಸಾಧನ ಅವರಿಗೆ ಇನ್ನೊಂದು ಅಪ್‌ಲೋಡ್ ಕೆಲಸ ಆಗಿ ಕೂರಬಾರದು. ಕೇರಳ ಈ ವಿಷಯದಲ್ಲಿ ಮುಂದಿದೆ, ಸಭೆಯ ಅಜೆಂಡಾ, ತೀರ್ಮಾನಗಳಿಗೆ ಅಂತಲೇ ‘ಸಕರ್ಮ’ ಅನ್ನೋ ತಂತ್ರಾಂಶವನ್ನು ಅಲ್ಲಿನ ಸ್ಥಳೀಯ ಸಂಸ್ಥೆಗಳು ಬಳಸಿಕೊಂಡು ಬಂದಿದ್ದವು.

ಹಾಗಾದರೆ ನೌಕರರಿಗೆ ಏನು ಕೊಡಬೇಕು? ಪ್ರತಿ ಪಂಚಾಯಿತಿಗೆ ಹೊಸ ಹುದ್ದೆ ಅಂದರೆ ಆರ್ಥಿಕ ಇಲಾಖೆ ಫೈಲನ್ನು ಮುಟ್ಟುವುದೂ ಇಲ್ಲ. ತಾಲ್ಲೂಕು ಪಂಚಾಯಿತಿಯಲ್ಲಿ ಇಬ್ಬರು ಅಥವಾ ಮೂವರ ಒಂದು ಸಭಾ ತಂಡ ಸಾಕು ಅನ್ನಿಸುತ್ತೆ. ಒಂದೊಂದು ಪಂಚಾಯಿತಿ ಸಭೆಗೆ ಒಂದೊಂದು ದಿನ ಗೊತ್ತು ಮಾಡಿ, ಆ ದಿನ ಆ ತಂಡದವರು ಲಿಂಕು, ರೆಕಾರ್ಡಿಂಗು, ಹಾಜರಿ ನೋಡಿಕೊಳ್ಳಲಿ. ಪಿಡಿಒ ಸಭೆಯ ಮೇಲೆ, ಠರಾವಿನ ಮೇಲೆ ಗಮನ ಇಡಲಿ. ಸರ್ಕಾರಿ ಅಕೌಂಟು, ಯುಪಿಎಸ್ಸು, ಇಂಟರ್ನೆಟ್ ಬಿದ್ದರೆ ಮಾಮೂಲಿ ಫೋನ್ ಕರೆಯಲ್ಲೇ ಸೇರುವ ಒಂದು ನಂಬರು, ಇಷ್ಟು ಕೊಟ್ಟರೆ ಆಯಿತು. ಸಭೆಯ ದಿನ ಮೇಲಿನವರು ವಿಸಿ ಇಡಬಾರದು ಅಂತ ಒಂದು ಸುತ್ತೋಲೆ ಹೊರಡಿಸಬೇಕು, ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ರಾತ್ರಿ ಹತ್ತಕ್ಕೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ‘ನಾಳೆ ಬೆಳಗ್ಗೆ 9ಕ್ಕೆ ವರದಿ ಕೊಡಿ’ ಅನ್ನೋದು ನಿಲ್ಲಬೇಕು ಅಂತಲೂ ಅದರಲ್ಲಿ ಸೇರಿಸಿದರೆ ಸಂತೋಷ, ಆದರೆ ಅದು ನಿಲ್ಲುತ್ತೆ ಅಂತ ನನಗೆ ನಂಬಿಕೆ ಇಲ್ಲ.

ರೆಕಾರ್ಡಿಂಗ್ ಎಲ್ಲಿ ಇಡಬೇಕು ಅನ್ನೋದು ಸಣ್ಣ ವಿಷಯ ಅನ್ನಿಸಬಹುದು, ನನ್ನ ಪ್ರಕಾರ ಬಹಳ ದೊಡ್ಡದು. ಸಭೆ ಮುಗಿದ ಮೂರನೇ ದಿನ ಯಾರೋ ಬಂದು ‘ನಡವಳಿ ಪುಸ್ತಕದಲ್ಲಿ ಎರಡು ಸಾಲು ಜಾಗ ಇದೆಯಲ್ಲ, ಈ ಠರಾವು ಸೇರಿಸಿಬಿಡಿ’ ಅನ್ನೋದು ಪಂಚಾಯಿತಿ ನೌಕರರಿಗೆ ಹೊಸದೇನಲ್ಲ. ಗುತ್ತಿಗೆದಾರರ ಬಿಲ್ ಇರಬಹುದು, ಲೇಔಟ್ ಇರಬಹುದು, ಕೊಪ್ಪಳದ ಗಿಣಿಗೇರಿ ಕಡೆ ಅಥವಾ ಬಳ್ಳಾರಿ ಸುತ್ತಮುತ್ತ ಆದರೆ ಕಾರ್ಖಾನೆಗೆ ಆಕ್ಷೇಪ ಇಲ್ಲ ಅನ್ನೋ ಎನ್‌ಒಸಿಯೇ ಇರಬಹುದು. ಸೇರಿಸಿದರೆ ಮುಂದೆ ತನಿಖೆಯಲ್ಲಿ ಸಿಕ್ಕಿಬೀಳುವುದು ಪಿಡಿಒ, ಸೇರಿಸದಿದ್ದರೆ ಇವತ್ತೇ ಜಗಳ. ರೆಕಾರ್ಡಿಂಗ್ ಪಿಡಿಒ ಫೋನಿನಲ್ಲಿದ್ದರೆ ಅಳಿಸಿಹಾಕು ಅಂತಾರೆ. ಸಭೆ ಮುಗಿದ ಗಂಟೆಯಲ್ಲೇ ಅದು ತಾಲ್ಲೂಕಿನ ಸರ್ವರಿಗೆ ಹೋಗಿಬಿಟ್ಟರೆ, ಬಂದವರಿಗೆ ‘ನನ್ನ ಕೈಯಲ್ಲಿ ಇಲ್ಲ ಸರ್, ಇಒ ಸಾಹೇಬ್ರನ್ನು ಕೇಳಿ’ ಅಂತ ಪಿಡಿಒ ಹೇಳಬಹುದು.